‘ಪ್ರೊಸೆಸರ್ ಹೋಗಿದೆ’ ಅಂದ್ರೆ ತಕ್ಷಣ ನಂಬಬೇಡಿ: ಹಳೇ ಗೇಮಿಂಗ್ ಪಿಸಿ ಬಿಸಿಯಾದಾಗ ಬರೆದಿಡಬೇಕಾದ ಮೂರು ನಂಬರ್

ಶಿವರಾತ್ರಿ ಬಂದ್ರೆ ಚಳಿ ಶಿವಶಿವಾ ಅಂತ ಹೊರಟೋಗುತ್ತೆ ಅಂತಾರೆ. ಅದು ಹೋದ ಎರಡೇ ವಾರಕ್ಕೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ವಾಯ್ಸ್ ನೋಟ್‌ಗಳು ಬರೋಕೆ ಶುರುವಾಗುತ್ತೆ. ಗೌರಿಬಿದನೂರಿಂದ ಒಬ್ಬರು: “ಅಣ್ಣಾ, ವ್ಯಾಲೊರಂಟ್ ಹತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ತಡವರಿಸುತ್ತೆ.” ಶಿಡ್ಲಘಟ್ಟದಿಂದ ಇನ್ನೊಬ್ಬರು: “ಫ್ಯಾನ್ ಸೌಂಡ್ ಕೇಳಿ ಅಮ್ಮ ಮಿಕ್ಸಿ ಓಡ್ತಿದೆ ಅಂದ್ಕೊಂಡ್ರು.” ಚಿಂತಾಮಣಿಯಿಂದ ಮತ್ತೊಬ್ಬ ಹುಡುಗ: “ಅಂಗಡೀಲಿ ಪ್ರೊಸೆಸರ್ ಹೋಗಿದೆ ಅಂದ್ರು ಅಣ್ಣಾ. ಹೊಸ ಸೆಟ್ಟೇ ತಗೋಬೇಕಂತೆ.”

ಮೊದಲಿನ ಎರಡಕ್ಕೆ ಚುಟುಕಾಗಿ ಉತ್ತರ ಕಳಿಸಬಹುದು. ಮೂರನೇದಕ್ಕೆ ಒಂದು ಇಡೀ ಸಂಚಿಕೆಯೇ ಬೇಕು ಅನ್ನಿಸ್ತು. ಯಾಕಂದ್ರೆ ನಮ್ಮ ಕಡೆ ಒಂದು ಗೇಮಿಂಗ್ ಕಂಪ್ಯೂಟರ್ ಬರೀ ಆಟದ ಸಾಮಾನಲ್ಲ. ಈ ಚಿಂತಾಮಣಿ ಹುಡುಗ ಡಿಗ್ರಿ ಎರಡನೇ ವರ್ಷ. ರಾತ್ರಿ ಜಿಟಿಎ ಆಡ್ತಾನೆ ನಿಜ, ಆದ್ರೆ ಅದೇ ಮಿಷನ್‌ನಲ್ಲಿ ಮದುವೆ ಇನ್ವಿಟೇಷನ್ ವಿಡಿಯೋ, ಗೃಹಪ್ರವೇಶದ ರೀಲ್ಸ್ ಎಡಿಟ್ ಮಾಡಿ ಕಾಲೇಜ್ ಫೀಸ್‌ಗೆ ದುಡ್ಡು ಹೊಂದಿಸ್ತಾನೆ. ಬೇಸಿಗೆ ಅಂದ್ರೆ ಮದುವೆ ಸೀಸನ್. ಕೆಲಸ ಜಾಸ್ತಿ ಇರೋ ಹೊತ್ತಲ್ಲೇ ಕಂಪ್ಯೂಟರ್ ಕೈ ಕೊಡುತ್ತೆ. ಹೊಸದು ತಗೋಳೋಕೆ ಮನೇಲಿ ಕೇಳೋ ಪರಿಸ್ಥಿತಿ ಇಲ್ಲ.

ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ಈ ವಿಷಯಕ್ಕೆ ಇಂಜಿನಿಯರಿಂಗ್‌ಗಿಂತ ಲೆಕ್ಕ ಜಾಸ್ತಿ ಬೇಕು. ಇವತ್ತಿನ ಸಂಚಿಕೆಯ ಮಾತು ಇಷ್ಟೇ: ಬಿಸಿ ಆಗ್ತಿರೋ ಪ್ರೊಸೆಸರ್ ಬಹುಪಾಲು ಕೆಟ್ಟಿರಲ್ಲ, ಅದರ ಬಿಸಿ ಹೊರಗೆ ಹೋಗೋ ದಾರಿ ಕಟ್ಟಿರುತ್ತೆ. ಎಲ್ಲಿ ಕಟ್ಟಿದೆ ಅಂತ ತಿಳ್ಕೊಳ್ಳೋಕೆ ಮೂರು ನಂಬರ್ ಸಾಕು.

ನಮ್ಮೂರ ಕಂಪ್ಯೂಟರ್‌ಗಳ ಕಥೆ

ಮೊದಲು ನಮ್ಮ ಹತ್ರ ಇರೋದು ಎಂಥ ಮಿಷನ್ ಅಂತ ನೋಡೋಣ. ಬೆಂಗಳೂರಿನ ಆಫೀಸ್‌ಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ ಕಂಪ್ಯೂಟರ್‌ಗಳು ಎಸ್.ಪಿ. ರೋಡ್‌ಗೆ ಬರುತ್ತೆ. ಚಿಕ್ಕಬಳ್ಳಾಪುರದಿಂದ ಅದು ಅರವತ್ತು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಬಸ್ ಹತ್ತಿದ್ರೆ ಸಂಜೆಗೆ ಬಾಕ್ಸ್ ಹೊತ್ಕೊಂಡು ವಾಪಸ್. ಆ ಆಫೀಸ್ ಮಿಷನ್‌ಗೆ ಒಂದು ಗ್ರಾಫಿಕ್ಸ್ ಕಾರ್ಡ್ ಸೇರಿಸಿದ್ರೆ ಅದೇ ನಮ್ಮ ಗೇಮಿಂಗ್ ಪಿಸಿ.

ಒಳಗಿರೋದು ಹೆಚ್ಚಾಗಿ ಇಂಟೆಲ್‌ನ ಎರಡನೇ, ಮೂರನೇ, ನಾಲ್ಕನೇ ಜನರೇಷನ್. ಅಂದ್ರೆ 2011ರಿಂದ 2014ರ ಮಾಲು. ಕೋರ್ ಐ7-4790 ಅನ್ನೋದನ್ನೇ ಉದಾಹರಣೆಗೆ ತಗೊಳ್ಳಿ. 2014ರಲ್ಲಿ ಬಂದಿದ್ದು. ನಾಲ್ಕು ಕೋರ್, ಮಾಮೂಲಿ ವೇಗ 3.6 ಗಿಗಾಹರ್ಟ್ಸ್, ಟರ್ಬೋದಲ್ಲಿ 4.0. ಕಂಪನಿ ಹೇಳೋ ಬಿಸಿ 84 ವ್ಯಾಟ್. ಆ ಚಿಪ್ಪಿನ ಗಾತ್ರ ಹೆಚ್ಚು ಕಡಿಮೆ ಹೆಬ್ಬೆರಳಿನ ಉಗುರಿನಷ್ಟು, ಅದರೊಳಗೆ 140 ಕೋಟಿ ಟ್ರಾನ್ಸಿಸ್ಟರ್. ಹಳೇ ಕಾಲದ 100 ವ್ಯಾಟ್ ಬಲ್ಬ್ ಉರೀತಿದ್ದಾಗ ಮುಟ್ಟೋಕೆ ಆಗ್ತಿರಲಿಲ್ಲ ಅಲ್ವಾ? ಹೆಚ್ಚೂ ಕಡಿಮೆ ಅಷ್ಟೇ ಬಿಸಿ ಒಂದು ಉಗುರಿನ ಜಾಗದಲ್ಲಿ ಹುಟ್ಟುತ್ತೆ. ಕಂಪ್ಯೂಟರ್ ತಿನ್ನೋ ಕರೆಂಟ್ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ.

ಆಫೀಸ್ ಕ್ಯಾಬಿನೆಟ್ ಮಾಡಿದ್ದು ವರ್ಡ್, ಎಕ್ಸೆಲ್, ಟ್ಯಾಲಿ ಓಡಿಸೋಕೆ. ಅದರಲ್ಲಿ ಒಂದೋ ಎರಡೋ ಸಣ್ಣ ಫ್ಯಾನ್. ಅಂಥದ್ದರೊಳಗೆ 75 ವ್ಯಾಟ್‌ನ ಜಿಟಿಎಕ್ಸ್ 1050 ಟಿಐ ತುರುಕಿ, ಮೂರು ಗಂಟೆ ಆಟ ಆಡಿದ್ರೆ ಪ್ರೊಸೆಸರ್ ಪಾಪ ಏನು ಮಾಡುತ್ತೆ?

ಬಿಸಿ ಆದ್ರೆ ಸುಟ್ಟೋಗುತ್ತಾ?

ಇಲ್ಲ. ಎಲ್ಲರಿಗೂ ಇರೋ ಭಯ ಇದೇ, ಆದ್ರೆ ಪ್ರೊಸೆಸರ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತೆ. ಐ7-4790ಗೆ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ತಕ್ಷಣ ಅದು ವೇಗ ಇಳಿಸುತ್ತೆ. ಏರು ಹತ್ತುವಾಗ ಲಾರಿ ಗೇರ್ ಇಳಿಸೋ ಥರ. ಇದಕ್ಕೆ ಥ್ರಾಟ್ಲಿಂಗ್ ಅಂತಾರೆ. ತಣ್ಣಗಾದ್ರೆ ಮತ್ತೆ ವೇಗ, ಬಿಸಿಯಾದ್ರೆ ಮತ್ತೆ ಇಳಿತ. ಆಟದಲ್ಲಿ ನಿಮಗೆ ಕಾಣೋ ತಡವರಿಕೆ ಇದೇ. ಅಷ್ಟಕ್ಕೂ ಬಿಸಿ ಇಳೀದೆ ಏರ್ತಾ ಹೋದ್ರೆ, ಸುಡೋ ಮುಂಚೆ ತಾನೇ ಆಫ್ ಆಗುತ್ತೆ.

ಹಾಗಾಗಿ ಕಂಪ್ಯೂಟರ್ ಆನ್ ಆಗ್ತಿದೆ, ವಿಂಡೋಸ್ ಬರ್ತಿದೆ, ಹತ್ತು ನಿಮಿಷ ಆಟಾನೂ ಓಡ್ತಿದೆ ಅಂದ್ರೆ ಆ ಪ್ರೊಸೆಸರ್ ಜೀವಂತ ಇದೆ. “ಹೋಗಿದೆ” ಅನ್ನೋ ಮಾತು ಅಲ್ಲಿಗೇ ಅನುಮಾನ. ಹಾಗಂತ ತಿಂಗಳುಗಟ್ಟಲೆ 100 ಡಿಗ್ರಿಯಲ್ಲೇ ಓಡಿಸಿ ಅಂತ ಹೇಳ್ತಿಲ್ಲ. ಆ ಬಿಸಿ ಪಕ್ಕದ ಮದರ್‌ಬೋರ್ಡ್ ಬಿಡಿಭಾಗಗಳ ಆಯಸ್ಸನ್ನೂ ತಿನ್ನುತ್ತೆ.

ಒಂದು ಎಚ್ಚರಿಕೆ. ಆಟ ಆಡುವಾಗ ದಿಢೀರ್ ಅಂತ ಆಫ್ ಆಗೋದಕ್ಕೆಲ್ಲ ಬಿಸಿಯೇ ಕಾರಣ ಅಲ್ಲ. ಎಸ್‌ಎಂಪಿಎಸ್ ಸೋತಿದ್ರೂ, ಯುಪಿಎಸ್ ಲೋಡ್ ತಡೀದೆ ಇದ್ರೂ ಹಾಗೇ ಆಗುತ್ತೆ. ಅದನ್ನು ಬೇರ್ಪಡಿಸೋಕೂ ಅಳತೆಯೇ ಬೇಕು.

ಹುಳುಮನೆ ಪಾಠ: ಮೊದಲು ಅಳತೆ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮನೆಯವರಿಗೆ ಇದು ಹೇಳ್ಕೊಡಬೇಕಾಗಿಲ್ಲ. ಹುಳುಮನೆ ಗೋಡೇಲಿ ಥರ್ಮಾಮೀಟರ್ ನೇತಾಡ್ತಿರುತ್ತೆ. ಚಾಕಿ ಹುಳುಗೆ 27–28 ಡಿಗ್ರಿ ಬೇಕು, ನಾಲ್ಕನೇ ಜ್ವರ ಎದ್ದ ದೊಡ್ಡ ಹುಳುಗೆ 24–25 ಸಾಕು. ಅಪ್ಪ ಅಮ್ಮ ಮೊದಲು ಅದನ್ನು ನೋಡ್ತಾರೆ, ಆಮೇಲೆ ಕಿಟಕಿ ತೆಗೀಬೇಕಾ, ಗೋಣಿಚೀಲ ಒದ್ದೆ ಮಾಡಿ ಕಟ್ಟಬೇಕಾ ಅಂತ ತೀರ್ಮಾನ. ಅದೇ ಮನೆ ಮಕ್ಕಳು ನಾವು, ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಕೈ ಇಟ್ಟು “ಬಿಸಿ ಆಗ್ತಿದೆ” ಅಂತೀವಿ.

ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಪ್ರೋಗ್ರಾಂ ಇಳಿಸ್ಕೊಳ್ಳಿ. ಓಪನ್ ಮಾಡುವಾಗ ‘ಸೆನ್ಸರ್ಸ್ ಓನ್ಲಿ’ ಟಿಕ್ ಮಾಡಿ. ಅದರಲ್ಲಿ ಪ್ರತಿ ಕೋರ್‌ನ ಈಗಿನ ಡಿಗ್ರಿ, ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು, ಥ್ರಾಟ್ಲಿಂಗ್ ಆಯ್ತಾ ಇಲ್ವಾ, ಎಲ್ಲಾ ಕಾಣುತ್ತೆ. ಈಗ ಒಂದು ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಮೂರು ನಂಬರ್ ಬರೀರಿ.

ಒಂದು: ಕೋಣೆಯ ತಾಪ. ಮನೇಲಿ ಥರ್ಮಾಮೀಟರ್ ಇದ್ರೆ ಕಂಪ್ಯೂಟರ್ ಪಕ್ಕ ಇಟ್ಟು ನೋಡಿ. ಮೊಬೈಲ್ ಹವಾಮಾನ ಆ್ಯಪ್ ಹೇಳೋದು ಹೊರಗಿನದು, ಶೀಟ್ ಮನೆ ಒಳಗೆ ಮಧ್ಯಾಹ್ನ ಅದಕ್ಕಿಂತ ಜಾಸ್ತಿ ಇರುತ್ತೆ.

ಎರಡು: ಸುಮ್ಮನಿದ್ದಾಗಿನ ತಾಪ. ಕಂಪ್ಯೂಟರ್ ಆನ್ ಮಾಡಿ, ಏನೂ ಓಪನ್ ಮಾಡದೆ ಹದಿನೈದು ನಿಮಿಷ ಬಿಟ್ಟು ನೋಡಿ.

ಮೂರು: ಲೋಡ್‌ನಲ್ಲಿ ತಾಪ. ನೀವು ದಿನಾ ಆಡೋ ಆಟವನ್ನೇ ಇಪ್ಪತ್ತು ನಿಮಿಷ ಆಡಿ, ‘ಮ್ಯಾಕ್ಸಿಮಮ್’ ಕಾಲಂ ನೋಡಿ.

ಈಗ ಬಿ.ಕಾಂ. ಲೆಕ್ಕ. ಮೂರನೇದರಲ್ಲಿ ಒಂದನೇದನ್ನು ಕಳೀರಿ. ಆ ವ್ಯತ್ಯಾಸವೇ ನಿಮ್ಮ ಕಂಪ್ಯೂಟರ್‌ನ ನಿಜವಾದ ಆರೋಗ್ಯ. ಯಾಕಂದ್ರೆ ಫ್ಯಾನ್ ಕೋಣೆಯ ಗಾಳಿಯನ್ನೇ ಊದೋದು, ಎಸಿ ಥರ ತಂಪು ಮಾಡಲ್ಲ. ಕೋಣೆ ಹತ್ತು ಡಿಗ್ರಿ ಏರಿದ್ರೆ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಹತ್ತು ಡಿಗ್ರಿ ಏರುತ್ತೆ. ಡಿಸೆಂಬರ್‌ನಲ್ಲಿ ಕೋಣೆ 22, ಪ್ರೊಸೆಸರ್ 70 ಇತ್ತು, ಏಪ್ರಿಲ್‌ನಲ್ಲಿ ಕೋಣೆ 34, ಪ್ರೊಸೆಸರ್ 82 ಆಯ್ತು ಅನ್ಕೊಳ್ಳಿ. ಎರಡೂ ಸಲ ವ್ಯತ್ಯಾಸ 48. ಮಿಷನ್ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ಅದೇ ಏಪ್ರಿಲ್‌ನಲ್ಲಿ 98 ಬಂದ್ರೆ ವ್ಯತ್ಯಾಸ 64. ಹೆಚ್ಚಾಗಿರೋ ಆ 16 ಡಿಗ್ರಿ ಬೇಸಿಗೆಯದಲ್ಲ, ಎಲ್ಲೋ ದಾರಿ ಕಟ್ಟಿದೆ.

ಊರಿಂದ ಊರಿಗೂ ಇದೇ ಲೆಕ್ಕ. ಚಿಕ್ಕಬಳ್ಳಾಪುರಕ್ಕಿಂತ ಗೌರಿಬಿದನೂರು ಸುಮಾರು ಇನ್ನೂರು ಮೀಟರ್ ತಗ್ಗಿನಲ್ಲಿದೆ, ಬೇಸಿಗೆ ಅಲ್ಲಿ ಇನ್ನೂ ಜೋರು. ಯೂಟ್ಯೂಬ್‌ನಲ್ಲಿ ಎಸಿ ರೂಮಲ್ಲಿ ಕೂತು ಯಾರೋ ತೋರಿಸೋ 65 ಡಿಗ್ರಿಗೆ ನಿಮ್ಮದನ್ನು ಹೋಲಿಸಿ ಗಾಬರಿಯಾಗಬೇಡಿ. ವ್ಯತ್ಯಾಸವನ್ನು ಹೋಲಿಸಿ.

ಕಂಪನಿ ಕೊಟ್ಟ ಸಣ್ಣ ಕೂಲರ್ ಇರೋ ಹಳೇ ಇಂಟೆಲ್ ಮಿಷನ್‌ಗೆ ಆಟದ ಹೊತ್ತಲ್ಲಿ ನಾನು ಇಟ್ಕೊಂಡಿರೋ ಅಂದಾಜು ಗೆರೆ ಹೀಗಿದೆ: ವ್ಯತ್ಯಾಸ 50ರ ಒಳಗೆ ಇದ್ರೆ ಆರಾಮಾಗಿರಿ. 50ರಿಂದ 60 ಇದ್ರೆ ಕ್ಲೀನ್ ಮಾಡೋ ಟೈಮ್. 60 ದಾಟಿದ್ರೆ ಬಿಚ್ಚಿ ನೋಡಲೇಬೇಕು. ಎಎಂಡಿ ಎಫ್‌ಎಕ್ಸ್-8350 ಥರದ್ದು ಇಟ್ಕೊಂಡಿರೋರಿಗೆ ಬೇರೆ ಲೆಕ್ಕ. ಅದು 125 ವ್ಯಾಟ್, ಮಿತಿ 61 ಡಿಗ್ರಿ ಹತ್ರವೇ. ಸುಮ್ಮನಿದ್ದಾಗ ಅದರ ಸೆನ್ಸರ್ ಕೋಣೆಗಿಂತ ಕಮ್ಮಿ ತೋರಿಸೋದೂ ಉಂಟು. ಆ ನಂಬರ್ ಬಿಟ್ಟು ಲೋಡ್‌ನದ್ದು ಮಾತ್ರ ನಂಬಿ.

ಎಷ್ಟು ಬೇಗ ಏರುತ್ತೆ ಅನ್ನೋದೂ ಮುಖ್ಯ

ಬಿಸಿ ಹೊರಗೆ ಬರೋ ದಾರಿ ಹೀಗಿದೆ: ಚಿಪ್, ಅದರ ಮೇಲಿನ ಲೋಹದ ಮುಚ್ಚಳ, ಥರ್ಮಲ್ ಪೇಸ್ಟ್, ಕೂಲರ್‌ನ ಲೋಹದ ಎಲೆಗಳು, ಫ್ಯಾನ್, ಕ್ಯಾಬಿನೆಟ್, ಕೊನೆಗೆ ಕೋಣೆ. ಇದರಲ್ಲಿ ಯಾವ ಬಾಗಿಲು ಹಾಕಿಕೊಂಡಿದೆ ಅಂತ ಬಿಚ್ಚದೇನೇ ಅಂದಾಜು ಮಾಡಬಹುದು.

ಆಟ ಶುರು ಮಾಡಿದ ಎರಡು ಮೂರು ಸೆಕೆಂಡಿಗೇ 45ರಿಂದ 95ಕ್ಕೆ ನೆಗೆದ್ರೆ, ಬಿಸಿ ಚಿಪ್ಪಿನಿಂದ ಕೂಲರ್‌ಗೇ ದಾಟ್ತಿಲ್ಲ. ಪೇಸ್ಟ್ ಒಣಗಿದೆ ಅಥವಾ ಕೂಲರ್ ಸಡಿಲ ಆಗಿದೆ. ಹತ್ತು ಹದಿನೈದು ನಿಮಿಷದಲ್ಲಿ ನಿಧಾನಕ್ಕೆ ಏರಿದ್ರೆ, ಕೂಲರ್‌ಗೆ ಬಂದ ಬಿಸಿ ಆಚೆ ಹೋಗ್ತಿಲ್ಲ. ಧೂಳು ಅಥವಾ ಕ್ಯಾಬಿನೆಟ್ ಗಾಳಿಯ ಸಮಸ್ಯೆ.

ಇನ್ನೊಂದು ಪರೀಕ್ಷೆ: 95 ತೋರಿಸ್ತಿದ್ದಾಗ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ತಕ್ಷಣ ಪಕ್ಕದ ಬಾಗಿಲು ತೆಗೆದು ಕೂಲರ್ ಅಂಚನ್ನು ಹುಷಾರಾಗಿ ಮುಟ್ಟಿ. ಒಳಗೆ 95 ಇದ್ದು ಕೂಲರ್ ಬರೀ ಬೆಚ್ಚಗಿದ್ರೆ, ಬಿಸಿ ಅದನ್ನು ತಲುಪಿಯೇ ಇಲ್ಲ.

ಇನ್ನು ತಾಪ 75 ಇದ್ದಾಗಲೇ ಮಿಷನ್ ಟಪ್ ಅಂತ ಆಫ್ ಆದ್ರೆ, ಪ್ರೊಸೆಸರ್ ಬಿಸಿ ಅದಕ್ಕೆ ಕಾರಣ ಅಲ್ಲ. ಎಸ್‌ಎಂಪಿಎಸ್ ಕಡೆ ನೋಡಿ.

ಧೂಳು: ಟ್ರ್ಯಾಕ್ಟರ್ ರೇಡಿಯೇಟರ್ ನೆನಪಿಸ್ಕೊಳ್ಳಿ

ಸುಗ್ಗಿ ಟೈಮಲ್ಲಿ ಟ್ರ್ಯಾಕ್ಟರ್ ರೇಡಿಯೇಟರ್‌ಗೆ ರಾಗಿ ಹೊಟ್ಟು ತುಂಬಿ ಇಂಜಿನ್ ಬಿಸಿಯಾದ್ರೆ ಯಾರೂ ಇಂಜಿನ್ ಮಾರಲ್ಲ, ಹೊಟ್ಟು ಊದ್ತಾರೆ. ಕೂಲರ್ ಎಲೆಗಳ ಮಧ್ಯೆ ಕೂತಿರೋ ಧೂಳೂ ಅಷ್ಟೇ. ಮೇಲಿಂದ ನೋಡಿದ್ರೆ ಫ್ಯಾನ್ ಚೆನ್ನಾಗೇ ತಿರುಗ್ತಿರುತ್ತೆ. ಅದರ ಕೆಳಗೆ ಎಲೆಗಳ ಮೇಲೆ ಕಂಬಳಿ ಹೊದ್ದಿಸಿದ ಹಾಗೆ ಒಂದು ಪದರ. ಫ್ಯಾನ್ ಜೋರಾಗಿ ಕೂಗುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ.

ನಮ್ಮ ಕಡೆ ಧೂಳು ಒಂದೇ ಥರದ್ದಲ್ಲ. ಕ್ರಷರ್, ಹೆದ್ದಾರಿ ಪಕ್ಕದ ಮನೆಗಳಲ್ಲಿ ಕಲ್ಲಿನ ಪುಡಿ. ಹುಳುಮನೆ ಪಕ್ಕದಲ್ಲಿದ್ರೆ ಹಾಸಿಗೆಗೆ ಚೆಲ್ಲೋ ಸುಣ್ಣದ ಪುಡಿ ಗಾಳಿಯಲ್ಲಿ ಬರುತ್ತೆ. ರೀಲಿಂಗ್ ಮನೆಗಳಲ್ಲಿ ಗೂಡು ಬೇಯಿಸೋ ಹಬೆ ಇರುತ್ತೆ, ಆ ತೇವಕ್ಕೆ ಧೂಳು ಅಂಟಿ ಗಟ್ಟಿಯಾಗುತ್ತೆ. ಇಂಥ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೆ ಎರಡು ಸಲ ಕ್ಲೀನ್ ಮಾಡಿದ್ರೆ ಸಾಕು. ಶಿವರಾತ್ರಿಗೆ ಒಂದು, ಆಯುಧಪೂಜೆಗೆ ಒಂದು ಅಂತ ಇಟ್ಕೊಳ್ಳಿ. ಆಯುಧಪೂಜೆಗೆ ಹೇಗೂ ಕುಂಕುಮ ಇಡ್ತೀರಿ, ಅದಕ್ಕೂ ಮುಂಚೆ ಧೂಳು ತೆಗೀರಿ.

ಹೇಗೆ? ಎಲ್ಲಾ ವೈರ್ ಕಿತ್ತು ಕ್ಯಾಬಿನೆಟ್‌ನ ಜಗುಲಿಗೋ ಮಹಡಿಗೋ ತನ್ನಿ. ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಕೆಲಸಕ್ಕೆ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಇಳಿಯುತ್ತೆ. ಒಣಗಿದ ಹೊಸ ಪೇಂಟ್ ಬ್ರಷ್‌ನಲ್ಲಿ ಧೂಳು ಸಡಿಲ ಮಾಡಿ, ಸಣ್ಣ ಎಲೆಕ್ಟ್ರಿಕ್ ಬ್ಲೋವರ್‌ನಿಂದ ದೂರದಿಂದ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡ್ಕೊಳ್ಳಿ, ಜೋರಾಗಿ ಗಿರಗಿರ ತಿರುಗಿದ್ರೆ ಅದರ ಬೇರಿಂಗ್ ಹಾಳಾಗುತ್ತೆ.

ಪಂಕ್ಚರ್ ಅಂಗಡಿ ಗಾಳಿ ಬೇಡ. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಅಂಶ ಬರುತ್ತೆ, ಪ್ರೆಷರ್ ಕೂಡ ಜಾಸ್ತಿ. ಒದ್ದೆ ಬಟ್ಟೆ ಬೇಡ. ಎಸ್‌ಎಂಪಿಎಸ್ ಡಬ್ಬ ಬಿಚ್ಚಲೇ ಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯೋವಷ್ಟು ಚಾರ್ಜ್ ಉಳಿದಿರುತ್ತೆ. ಹೊರಗಿಂದ ಊದಿದ್ರೆ ಸಾಕು.

ಮತ್ತೆ ಜೋಡಿಸಿ, ಮೂರು ನಂಬರ್ ಮತ್ತೆ ಬರೀರಿ. ವ್ಯತ್ಯಾಸ ಇಳಿದಿದ್ರೆ ಕೆಲಸ ಮುಗೀತು. ಖರ್ಚು ಸೊನ್ನೆ.

ಪೇಸ್ಟ್: ತೊಗರಿಕಾಳಿನಷ್ಟು

ಇಳೀದೆ ಇದ್ರೆ ಮುಂದಿನ ಹೆಜ್ಜೆ ಥರ್ಮಲ್ ಪೇಸ್ಟ್. ಚಿಪ್ಪಿನ ಮುಚ್ಚಳ, ಕೂಲರ್ ತಳ ಎರಡೂ ಕಣ್ಣಿಗೆ ನುಣುಪು ಕಾಣುತ್ತೆ, ಆದ್ರೆ ಮಧ್ಯೆ ಸೂಕ್ಷ್ಮ ಸಂದುಗಳಿರುತ್ತೆ. ಅಲ್ಲಿ ಗಾಳಿ ಕೂತ್ರೆ ಬಿಸಿ ದಾಟಲ್ಲ. ಬಿಸಿ ಸಾಗಿಸೋದರಲ್ಲಿ ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಮುಂದು. ಪೇಸ್ಟ್ ತಾಮ್ರದಷ್ಟು ಒಳ್ಳೇದಲ್ಲ, ಆದ್ರೆ ಗಾಳಿಗಿಂತ ನೂರಾರು ಪಟ್ಟು ಮೇಲು. ಸಂದು ತುಂಬೋದೇ ಅದರ ಕೆಲಸ. ವರ್ಷಗಳು ಕಳೆದ ಹಾಗೆ ಅದು ಒಣಗಿ ಸೀಮೆಸುಣ್ಣದ ಥರ ಆಗುತ್ತೆ. ಹತ್ತು ವರ್ಷದ ಆಫೀಸ್ ಮಿಷನ್‌ನಲ್ಲಿ ಫ್ಯಾಕ್ಟರಿಯಲ್ಲಿ ಹಾಕಿದ ಪೇಸ್ಟೇ ಇದ್ರೂ ಆಶ್ಚರ್ಯ ಇಲ್ಲ.

ಕೂಲರ್ ತೆಗೆಯೋ ಮುಂಚೆ ಕಂಪ್ಯೂಟರ್ ಐದು ಹತ್ತು ನಿಮಿಷ ಓಡಿಸಿ, ಪೇಸ್ಟ್ ಮೆತ್ತಗಾಗುತ್ತೆ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ವೈರ್ ಬಿಡಿಸಿ. ಹಳೇ ಎಎಂಡಿ ಇರೋರು ಇಲ್ಲಿ ಎರಡು ಪಟ್ಟು ಹುಷಾರು. ಅದರಲ್ಲಿ ಪಿನ್‌ಗಳು ಪ್ರೊಸೆಸರ್ ಮೇಲೇ ಇರುತ್ತೆ. ನೇರ ಎಳೆದ್ರೆ ಪ್ರೊಸೆಸರ್ ಕೂಲರ್‌ಗೆ ಅಂಟ್ಕೊಂಡು ಸಾಕೆಟ್‌ನಿಂದಲೇ ಕಿತ್ತು ಬರುತ್ತೆ, ಪಿನ್ ಬಗ್ಗುತ್ತೆ. ಮೊದಲು ಆಚೆ ಈಚೆ ಸ್ವಲ್ಪ ತಿರುಗಿಸಿ, ಸಡಿಲ ಆದ ಮೇಲೆ ಎತ್ತಿ.

ಹಳೇ ಪೇಸ್ಟನ್ನು ಟಿಶ್ಯೂ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿದ್ರೆ ಗೊತ್ತಾಗುತ್ತೆ. ಪೂರ್ತಿ ಆರಿದ ಮೇಲೆ ಹೊಸ ಪೇಸ್ಟ್ ಮಧ್ಯದಲ್ಲಿ ಒಂದು ಚುಕ್ಕಿ. ಅವರೆಕಾಳಿನಷ್ಟು ದೊಡ್ಡದಾಯ್ತು, ತೊಗರಿಕಾಳಿನಷ್ಟು ಸಾಕು. ಬೆರಳಲ್ಲಿ ಸವರಬೇಕಿಲ್ಲ, ಕೂಲರ್ ಒತ್ತಿದಾಗ ತಾನೇ ಹರಡುತ್ತೆ. ಟೂತ್‌ಪೇಸ್ಟ್ ಹಚ್ಚೋ ವಿಡಿಯೋಗಳನ್ನು ನೋಡಿ ನಗಿ, ಹಚ್ಚಬೇಡಿ. ಎರಡು ದಿನದಲ್ಲಿ ಒಣಗಿ ಮೊದಲಿಗಿಂತ ಕಷ್ಟ ಆಗುತ್ತೆ.

ಕೂಲರ್ ಕೂರಿಸೋದೇ ಎಲ್ಲಕ್ಕಿಂತ ಮುಖ್ಯ. ಇಂಟೆಲ್‌ನ ದುಂಡಗಿನ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದಾದ ಮೇಲೆ ಪಕ್ಕದ್ದು ಒತ್ತಬೇಡಿ, ಎದುರುಬದುರು ಮೂಲೆಗಳನ್ನು ಒತ್ತಿ. ಪ್ರತಿ ಕಾಲೂ ‘ಟಕ್’ ಅನ್ನಬೇಕು. ಆಮೇಲೆ ಮದರ್‌ಬೋರ್ಡ್ ಹಿಂದೆ ನಾಲ್ಕೂ ತುದಿ ಆಚೆ ಬಂದಿದೆಯಾ ನೋಡಿ. ಬ್ರಾಂಡೆಡ್ ಆಫೀಸ್ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಸ್ಕ್ರೂ ಇರುತ್ತೆ. ಅದನ್ನೂ ಅಡ್ಡಡ್ಡ ಮೂಲೆಯಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕಾರ್ ಟೈರ್ ನಟ್ ಬಿಗಿಯೋ ಹಾಗೆ.

ದುಡ್ಡು ಖರ್ಚಾಗದ ಸೆಟ್ಟಿಂಗ್

ಕೈ ಹಾಕೋಕೆ ಧೈರ್ಯ ಇಲ್ಲದವರು ಇವತ್ತೇ ಮಾಡಬಹುದಾದ ಎರಡು ಕೆಲಸ ಇದೆ.

ಮೊದಲನೇದು ಫ್ರೇಮ್‌ಗೆ ಮಿತಿ. ನಿಮ್ಮ ಮಾನಿಟರ್ 60 ಹರ್ಟ್ಸ್ ಆಗಿದ್ರೆ ಅದು ಸೆಕೆಂಡಿಗೆ ತೋರಿಸೋದು 60 ಚಿತ್ರ ಮಾತ್ರ. ಆಟ 180 ಚಿತ್ರ ತಯಾರಿಸ್ತಿದ್ರೆ ಉಳಿದಿದ್ದಕ್ಕೆ ಪಟ್ಟ ಶ್ರಮದ ಬಹುಪಾಲು ಬಿಸಿಯಾಗಿ ಹೋಗುತ್ತೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಎಫ್‌ಪಿಎಸ್ ಲಿಮಿಟ್ 60ರಿಂದ 75ರ ಒಳಗೆ ಇಡಿ. ವ್ಯಾಲೊರಂಟ್ ಥರದ, ಪ್ರೊಸೆಸರ್ ಮೇಲೆ ಭಾರ ಹಾಕೋ ಆಟಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಎರಡನೇದು ಟರ್ಬೋ ನಿಲ್ಲಿಸೋದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನೋದನ್ನು 100ರಿಂದ 99ಕ್ಕೆ ಇಳಿಸಿ. ಐ7-4790 ಆಗ 4.0 ಬಿಟ್ಟು 3.6 ಗಿಗಾಹರ್ಟ್ಸ್‌ನ ಒಳಗೇ ಓಡುತ್ತೆ. ವೇಗ ಹತ್ತು ಪರ್ಸೆಂಟ್ ಆಸುಪಾಸು ಹೋಗುತ್ತೆ, ಬಿಸಿ ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಯಾಕಂದ್ರೆ ವೇಗದ ಜೊತೆ ವೋಲ್ಟೇಜ್ ಕೂಡ ಇಳಿಯುತ್ತೆ, ಮತ್ತು ಬಿಸಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. 100 ಡಿಗ್ರಿ ಮುಟ್ಟಿ ಪದೇಪದೇ ತಡವರಿಸೋ 4.0ಗಿಂತ, ಒಂದೇ ಸಮ ಓಡೋ 3.6 ಆಟಕ್ಕೂ ಒಳ್ಳೇದು, ವಿಡಿಯೋ ಎಡಿಟಿಂಗ್‌ಗೂ ಒಳ್ಳೇದು.

ಜಾಗವನ್ನೂ ನೋಡಿ. ಟೇಬಲ್ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇಟ್ಟಿದ್ರೆ ಆಚೆ ತನ್ನಿ. ಹಿಂದೆ ಗೋಡೆಗೆ ಒಂದು ಗೇಣು ಬಿಡಿ. ನೀರು ಹಾಕೋ ಏರ್ ಕೂಲರ್‌ನ ಗಾಳಿಯನ್ನು ನೇರ ಕ್ಯಾಬಿನೆಟ್ ಒಳಗೆ ಬಿಡಬೇಡಿ, ಅದರಲ್ಲಿ ತೇವ ಇರುತ್ತೆ. ಪಕ್ಕದ ಬಾಗಿಲು ತೆಗೆದಿಟ್ಟರೆ ಐದಾರು ಡಿಗ್ರಿ ಇಳಿದ್ರೆ, ಕ್ಯಾಬಿನೆಟ್‌ಗೆ ಗಾಳಿ ಸಾಲ್ತಿಲ್ಲ ಅಂತ ಅರ್ಥ. ಹಾಗಂತ ಬಾಗಿಲು ತೆಗೆದೇ ಇರಬೇಡಿ, ಧೂಳು ಜೊತೆಗೆ ಹಲ್ಲಿಯೂ ಒಳಗೆ ಸೇರುತ್ತೆ. ಹಿಂದೆ ಒಂದು ಫ್ಯಾನ್ ಹಾಕಿಸಿ.

ಎಲ್ಲಿಯವರೆಗೆ ಖರ್ಚು ಮಾಡಬೇಕು?

ಹೆಜ್ಜೆಗಳನ್ನು ಖರ್ಚಿನ ಕ್ರಮದಲ್ಲೇ ಇಡಿ. ಸೆಟ್ಟಿಂಗ್, ಜಾಗ, ಧೂಳು: ದುಡ್ಡಿಲ್ಲ. ಪೇಸ್ಟ್: ಕೆಲವು ನೂರು ರೂಪಾಯಿ. ಕ್ಯಾಬಿನೆಟ್ ಫ್ಯಾನ್: ಅದೂ ಕೆಲವು ನೂರು. ದೊಡ್ಡ ಏರ್ ಕೂಲರ್ ಅಂದ್ರೆ ಪ್ರೊಸೆಸರ್ ಮೇಲೆ ಕೂರಿಸೋದು: ಎರಡು ಸಾವಿರದ ಆಸುಪಾಸು. ಒಂದೊಂದು ಹೆಜ್ಜೆಗೂ ಮೂರು ನಂಬರ್ ಬರೆದು, ಇಳಿದಿದ್ರೆ ಅಲ್ಲೇ ನಿಲ್ಲಿಸಿ.

ಕೂಲರ್ ಕೊಳ್ಳೋ ಮುಂಚೆ ಕ್ಯಾಬಿನೆಟ್ ಅಗಲ ಅಳೀರಿ. ಸಣ್ಣ ಆಫೀಸ್ ಡಬ್ಬದಲ್ಲಿ ಎತ್ತರದ ಕೂಲರ್ ಇಟ್ಟರೆ ಬಾಗಿಲು ಮುಚ್ಚಲ್ಲ. ಹಳೇ ಮಿಷನ್‌ಗೆ ಲಿಕ್ವಿಡ್ ಕೂಲರ್ ಹಾಕೋದು ನನ್ನ ಲೆಕ್ಕಕ್ಕೆ ಬರಲ್ಲ. ನಾಲ್ಕನೇ ಜನರೇಷನ್‌ನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗೀತು. ಇನ್ನೆರಡು ಮೂರು ವರ್ಷ ಓಡಿಸೋ ಮಿಷನ್‌ಗೆ ಅದರ ಬೆಲೆಯ ಅರ್ಧ ಸುರಿಯೋದು ಬೇಡ. ಆ ದುಡ್ಡು ಮುಂದಿನ ಕಂಪ್ಯೂಟರ್‌ಗೆ ಕೂಡಿಡಿ.

ಈಗ ಚಿಂತಾಮಣಿ ಹುಡುಗನ ವಿಷಯ. ಒಂದು ಭಾನುವಾರ ಶಿಡ್ಲಘಟ್ಟದ ಮೇಲೆ ಬಸ್ ಹಿಡಿದು ಹೋದೆ. ಕೋಣೆ 33, ಸುಮ್ಮನಿದ್ದಾಗ 58, ಲೋಡ್‌ನಲ್ಲಿ 100, ಅದೂ ಕೆಲವೇ ಸೆಕೆಂಡಿನಲ್ಲಿ. ವ್ಯತ್ಯಾಸ 67. ಧೂಳು ತೆಗೆದ್ವಿ, 94ಕ್ಕೆ ಇಳೀತು. ಕೂಲರ್ ನೋಡಿದ್ರೆ ನಾಲ್ಕರಲ್ಲಿ ಒಂದು ಪ್ಲಾಸ್ಟಿಕ್ ಕಾಲು ಕೂತೇ ಇರಲಿಲ್ಲ, ಒಂದು ಮೂಲೆ ಎದ್ದಿತ್ತು. ಪೇಸ್ಟ್ ಉದುರೋ ಹಾಗೆ ಒಣಗಿತ್ತು. ಹೊಸ ಪೇಸ್ಟ್ ಹಾಕಿ, ನಾಲ್ಕೂ ಕಾಲು ‘ಟಕ್’ ಅನ್ನಿಸಿ, ಫ್ರೇಮ್ ಮಿತಿ ಇಟ್ಟ ಮೇಲೆ ಅದೇ ಕೋಣೆಯಲ್ಲಿ 76. ವ್ಯತ್ಯಾಸ 43. ಪೇಸ್ಟ್ ಬಿಟ್ಟರೆ ಬೇರೆ ಖರ್ಚಿಲ್ಲ. ಆ ರಾತ್ರಿಯೇ ಅವನು ಒಂದು ಆರತಕ್ಷತೆ ವಿಡಿಯೋ ರೆಂಡರ್‌ಗೆ ಹಾಕಿ ಮಲಗಿದ.

ಅಂಗಡಿಯವರೆಲ್ಲ ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ನಮ್ಮೂರುಗಳಲ್ಲಿ ನೂರು ರೂಪಾಯಿಗೆ ಅರ್ಧ ದಿನ ಕೂತು ರಿಪೇರಿ ಮಾಡಿಕೊಡೋ ಅಣ್ಣಂದಿರೂ ಇದ್ದಾರೆ. ಆದ್ರೆ ಅಂಗಡಿಗೆ ಬರೀ “ಬಿಸಿ ಆಗ್ತಿದೆ” ಅಂತ ಹೋದ್ರೆ, ಏನಾಗಿದೆ ಅಂತ ಅವರು ಹೇಳಿದ್ದೇ ಕೊನೆ ಮಾತು. ನೋಟ್‌ಬುಕ್ ಹಿಡ್ಕೊಂಡು ಹೋಗಿ, “ಕೋಣೆ 33, ಲೋಡ್ 100, ಮೂರು ಸೆಕೆಂಡಿಗೇ ಏರುತ್ತೆ, ಧೂಳು ತೆಗೆದಾಯ್ತು, ಪೇಸ್ಟ್ ಬದಲಾಯಿಸಿ ಕೂಲರ್ ಸರಿಯಾಗಿ ಕೂತಿದೆಯಾ ನೋಡಿ ಅಣ್ಣಾ” ಅನ್ನಿ. “ಪ್ರೊಸೆಸರ್ ಹೋಗಿದೆ” ಅಂದ್ರೆ, “ಬೇರೆ ಬೋರ್ಡ್‌ನಲ್ಲಿ ಹಾಕಿ ತೋರಿಸ್ತೀರಾ?” ಅಂತ ವಿನಯವಾಗಿ ಕೇಳಿ. ಕೆಲಸ ಗೊತ್ತಿರೋರು ಬೇಜಾರು ಮಾಡ್ಕೊಳ್ಳಲ್ಲ.

ಈ ಸಂಚಿಕೆ ಕೇಳಿದ ಮೇಲೆ ನಿಮ್ಮ ಮೂರು ನಂಬರ್, ಪ್ರೊಸೆಸರ್ ಹೆಸರು, ಊರು ಬರೆದು ನಂಗೆ ಕಳ್ಸಿ. ಎಲ್ಲದಕ್ಕೂ ಉತ್ತರ ಕೊಡ್ತೀನಿ. “ಅಣ್ಣಾ, ತುಂಬಾ ಬಿಸಿ” ಅಂತ ಬರೀ ವಾಯ್ಸ್ ನೋಟ್ ಬಂದ್ರೆ ನಾನು ಕೇಳೋ ಮೊದಲ ಪ್ರಶ್ನೆ ಒಂದೇ: ಎಷ್ಟು?